ಕಲ್ಲು ಬಿಟ್ರ ಅಲ್ಲೇನದ?

ವಾಡಿ ಎಂದರೆ ದೇಶದವರಿಗೆಲ್ಲ ಗಾಡಿ ಬದಲಿಸುವ ಜಾಗ. ಮುಂಬಯಿ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೊಕ್ಕದಿಂದ ವಾಡಿಯಿಂದ ಸಿಕಂದರಾಬಾದಿಗೆ ಕವಲು ಹಾಕಿದರು. ಅಂದಿನಿಂದ ಎಷ್ಟು ಜನ ನಮ್ಮ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿದು ಹೋಗಿದ್ದಾರೋ, ಸ್ಟೇಷನ್ ದಾಟಿ ಹೊರಗೆ ಬಂದವರು ಮಾತ್ರ ಕಡಿಮೆ. ಹೊರಗಿನವರ ಮಾತಿರಲಿ, ರೈಲ್ವೆಯಲ್ಲಿ ದುಡಿದು ಇಲ್ಲೇ ಮನೆ ಕಟ್ಟಿಕೊಂಡ ನನ್ನಂಥವರೂ ಸೀಮೆ ನೋಡಲು ಅಂತ ಹೊರಡುವುದು ನೆಂಟರು ಬಂದಾಗಲೇ. ಮೈಸೂರಿನಿಂದ ತಂಗಿ, ಭಾವ, ಮಕ್ಕಳು ಬಂದಾಗ ಒಂದು ಜೀಪು ಮಾತಾಡಿದೆ. ನನ್ನ ಹೆಂಡತಿ ರೊಟ್ಟಿ ಕಟ್ಟುತ್ತಲೇ ಕೇಳಿದಳು, ‘ಕಲ್ಲು ಬಿಟ್ರ ಅಲ್ಲೇನದ ರೀ ನೋಡ್ಲಾಕ?’

ಅವಳ ಮಾತು ಸುಳ್ಳಲ್ಲ. ನಮ್ಮದು ಕಲ್ಲಿನ ಸೀಮೆ. ಶಹಾಬಾದಿನ ಖಣಿಗಳಲ್ಲಿ ಹಾಸುಹಾಸಾಗಿ ಏಳುವ ಪರಸಿಯೇ ನಮ್ಮ ನೆಲ, ಅದೇ ಮಾಳಿಗೆ, ಅದೇ ಕಟ್ಟೆ. ಮೈಸೂರಿನ ಭಾವನ ಹಳೇ ಮನೆಯ ಹಿತ್ತಲಲ್ಲೂ ಇದೇ ಕಲ್ಲು ಹಾಸಿದೆ. ಅದು ಎಲ್ಲಿಂದ ಬಂತೆಂದು ಅವರಿಗೆ ಆ ದಿನ ತಿಳಿಯಿತು. ಹಾಸಲು ಬಾರದ ಸುಣ್ಣಗಲ್ಲನ್ನು ಕಾರ್ಖಾನೆಗಳು ಸುಟ್ಟು ಸಿಮೆಂಟ್ ಮಾಡುತ್ತವೆ. ಶಹಾಬಾದಿನಲ್ಲಿ ನಿಜಾಮರ ಕಾಲದಲ್ಲೇ ಈ ಕೆಲಸ ಶುರುವಾಗಿತ್ತು, ಆಮೇಲೆ ವಾಡಿ, ಮಳಖೇಡ, ಸೇಡಂ ಎಲ್ಲ ಕಡೆ ಚಿಮಣಿ ಎದ್ದವು.

ಇದೇ ಭೀಮಾ ಸೀಮೆಯ ಸುಣ್ಣಗಲ್ಲಿನಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಸ್ತೂಪ ಕಟ್ಟಿದ್ದರು. ಸನ್ನತಿ ನಮಗೆ ಚಂದ್ರಲಾಂಬೆಯ ಊರು, ಹರಕೆ ತೀರಿಸಿ ಭೀಮೆಯಲ್ಲಿ ಮಿಂದು ಬರುವ ಊರು. 1986ರಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಅವಶೇಷ ಎತ್ತುವಾಗ ನೋಡಿದರೆ, ಕಾಳಿಯ ಪೀಠಕ್ಕೆ ಹಾಕಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರ! ಅಶೋಕನ ಶಾಸನ. ಎಷ್ಟು ತಲೆಮಾರಿನವರು ಅದರ ಮುಂದೆ ಕೈಮುಗಿದಿದ್ದರೋ. ಮುಂದೆ ಪುರಾತತ್ವ ಇಲಾಖೆ ಕನಗನಹಳ್ಳಿಯಲ್ಲಿ ಅಗೆದಾಗ ಸ್ತೂಪದ ಚಪ್ಪಡಿಯೊಂದರಲ್ಲಿ ರಾಜ, ರಾಣಿ, ಚಾಮರ ಹಿಡಿದ ಸೇವಕಿಯರು ಸಿಕ್ಕರು. ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂದು ಬರೆದಿತ್ತು. 1915ರಲ್ಲಿ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು ಸಿಕ್ಕಿತ್ತು, ಇಲ್ಲಿ ಹೆಸರಿನ ಜೊತೆ ರೂಪವೂ ಸಿಕ್ಕಿತು. ಅದು ಅವನು ಸತ್ತು ಎಷ್ಟೋ ಕಾಲದ ಮೇಲೆ ಕೆತ್ತಿದ್ದು, ಮುಖ ಅವನದೇ ಅಂತ ಹೇಳಲಾಗದು. ಆದರೆ ಹೆಸರು ಬರೆದ ಅಷ್ಟು ಹಳೆಯ ಶಿಲ್ಪ ಬೇರೆಲ್ಲೂ ಇಲ್ಲ.

ಚಿತ್ತಾಪುರದ ಮಗ್ಗುಲಲ್ಲಿ ನಾಗಾವಿ. ಜಾತ್ರೆಗೆ ಯಲ್ಲಮ್ಮನ ಗುಡಿಗೆ ಹೋಗುವವರು ಅರವತ್ತು ಕಂಬದ ಗುಡಿಯ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ನಾವೂ ಅಲ್ಲೇ ಬಿಚ್ಚಿದೆವು. ಇದು ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ಊಟ-ವಸತಿ ಕೊಟ್ಟು ಓದಿಸುವ ದೊಡ್ಡ ವಿದ್ಯಾಲಯ. ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನ ಕಟ್ಟಿಸಿದ್ದು. 1058ರ ಶಾಸನದಲ್ಲಿ ಖರ್ಚಿನ ಲೆಕ್ಕವೇ ಇದೆ: ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು ಸುಮಾರು 50, ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಗುರುಗಳು, ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರು. ಕಲಿಸುವವರು ಎಷ್ಟೋ ಓಲೆ ಕಾಯುವವರೂ ಅಷ್ಟೇ! ‘ನಮ್ಮ ಕಾಲೇಜಿನ ಲೈಬ್ರರಿಗೆ ಒಬ್ಬರೇ ಇರೋದು ಮಾವ’ ಎಂದಳು ಕಾಲೇಜು ಓದುವ ಸೊಸೆ. ಆ ಓದಿನ ಬಾಗಿಲು ಯಾರ್‍ಯಾರಿಗೆ ತೆರೆದಿತ್ತು, ಯಾರಿಗೆ ಇರಲಿಲ್ಲ ಎನ್ನುವುದೂ ಆ ಪಟ್ಟಿಯಿಂದಲೇ ತಿಳಿಯುತ್ತದೆ. ಅದನ್ನೂ ಅವಳಿಗೆ ಹೇಳಿದೆ.

ಚಿಂಚೋಳಿಯ ಮಾತು ಬೇಗ ಮುಗಿಸುತ್ತೇನೆ. ಮಕ್ಕಳಿಗೆ ಬೇಕಿದ್ದದ್ದು ಚಂದ್ರಂಪಳ್ಳಿ ಜಲಾಶಯ, ಕೊಂಚಾವರಂ ಕಾಡು. 2011ರಲ್ಲಿ ವನ್ಯಜೀವಿಧಾಮವಾದ ಈ ಕಾಡು ನೋಡಿದ ಮೇಲೆ ಭಾವನವರು ‘ಕಲಬುರಗಿ ಅಂದ್ರೆ ಬರೀ ಬಿಸಿಲು’ ಅನ್ನುವುದನ್ನು ಬಿಟ್ಟರು.

ಮಳಖೇಡವನ್ನು ಕಡೆಗೆ ಇಟ್ಟುಕೊಂಡಿದ್ದೆ. ಕಾಗಿಣಾ ದಂಡೆಯ ಕೋಟೆ, ನೇಮಿನಾಥ ಬಸದಿ, ಟೀಕಾಚಾರ್ಯರ ವೃಂದಾವನ. ಆದರೆ ಇದೇ ಹಿಂದೆ ನೃಪತುಂಗ ಆಳಿದ ಮಾನ್ಯಖೇಟವೆಂದು ಹುಡುಕಿ ಬರುವವರು ವಿರಳ. ಅವನು ಆಳುತ್ತಿದ್ದಾಗಲೇ, 851ರ ಅರಬ್ ಬರಹವೊಂದು ‘ಬಲ್ಹರಾ’ ಎಂಬ ಹೆಸರಿನಲ್ಲಿ ಇಲ್ಲಿಯ ದೊರೆಯನ್ನು ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ಎಣಿಸಿತು. ಮೂರನೆಯ ಕೃಷ್ಣನ ಕಾಲದಲ್ಲಿ ಪುಷ್ಪದಂತನೆಂಬ ಕವಿ ಹೊರಗಿನಿಂದ ಬಂದು, ಮಂತ್ರಿ ಭರತನ ಆಸರೆಯಲ್ಲಿ ಅಪಭ್ರಂಶದ ಮಹಾಪುರಾಣ ಬರೆದ. 972ರಲ್ಲಿ ಪರಮಾರ ಸೀಯಕ ಈ ಪಟ್ಟಣವನ್ನು ಸೂರೆ ಮಾಡಿದಾಗಿನ ಸಂಕಟ ಹೇಳಿದವನೂ ಅವನೇ. ನನಗನ್ನಿಸುವುದು ಇಷ್ಟು: ಈ ಸೀಮೆಯನ್ನು ಕಣ್ಣಿಟ್ಟು ನೋಡಿದವರು ಯಾವತ್ತೂ ಬಂದ ಮಂದಿಯೇ. ಇದ್ದವರಿಗೆ ಅದು ಹಾಸುಗಲ್ಲು, ನೆರಳು, ಹರಕೆ. ಅದನ್ನು ನಾನು ತಪ್ಪೆನ್ನುವುದಿಲ್ಲ. ಪೀಠದ ಕಲ್ಲಾಗಿದ್ದರಿಂದಲೇ ಅಶೋಕನ ಶಾಸನವೂ ಉಳಿಯಿತು.

ನೆಂಟರನ್ನು ಕರೆಯುವವರಿಗೆ ಒಂದು ಮಾತು. ಬೇಸಿಗೆ ರಜೆಗೆ ಮಾತ್ರ ಕರೆಯಬೇಡಿ, ಈ ಕಲ್ಲಿನ ಮೇಲೆ ಹನ್ನೊಂದರ ನಂತರ ಕಾಲಿಡಲಾಗದು. ದಸರೆಯಿಂದ ಸಂಕ್ರಾಂತಿಯೊಳಗೆ ಬರಲಿ, ಹೊಲದಲ್ಲಿ ತೊಗರಿ ನಿಂತಿರುತ್ತದೆ. ಸನ್ನತಿಗೆ ನಾಲವಾರದಲ್ಲಿ, ನಾಗಾವಿಗೆ ಚಿತ್ತಾಪುರದಲ್ಲಿ, ಮಾನ್ಯಖೇಟಕ್ಕೆ ಮಳಖೇಡ ರೋಡಿನಲ್ಲಿ ಇಳಿಯಬೇಕು. ಎಕ್ಸ್‌ಪ್ರೆಸ್ ನಂಬಿ ಕೂಡಬೇಡಿ, ಪ್ಯಾಸೆಂಜರ್ ಗಾಡಿಯ ವೇಳೆ ಕೇಳಿಕೊಂಡು ಹೊರಡಿ.