ಡಿಮೆನ್ಷಿಯಾ ಶುಶ್ರೂಷೆ

ಮಿದುಳಿನ ನರಕೋಶಗಳು ಹಾಳಾಗಿ ನೆನಪು, ಮಾತು, ದಾರಿಯ ಗುರುತು, ಸರಿತಪ್ಪು ತೀರ್ಮಾನಿಸುವ ಶಕ್ತಿ ಕುಂದುತ್ತ ಹೋಗಿ, ಉಡುವುದು ಉಣ್ಣುವುದಕ್ಕೂ ಇನ್ನೊಬ್ಬರ ಕೈ ಬೇಕಾಗುವ ಸ್ಥಿತಿಯೇ ಡಿಮೆನ್ಷಿಯಾ. ಇದಕ್ಕೆ ಕಾರಣವಾಗುವ ಕಾಯಿಲೆಗಳು ಹಲವು. ಶೇ. 60ರಿಂದ 70ರಷ್ಟು ಪ್ರಕರಣಗಳ ಹಿಂದೆ ಇರುವುದು ಆಲ್‌ಝೈಮರ್ ಕಾಯಿಲೆ. ಮಿದುಳಿನ ರಕ್ತನಾಳಗಳ ತೊಂದರೆಯಿಂದ ಬರುವ ಬಗೆ ಅದರ ನಂತರದ್ದು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಇದರೊಂದಿಗೆ ಬದುಕುತ್ತಿದ್ದಾರೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮಲ್ಲಿ ಮಾಡಿರುವ ಹಾನಿ ಸಣ್ಣದಲ್ಲ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡು ಮನೆಯವರು ವರ್ಷಗಟ್ಟಲೆ ಸುಮ್ಮನಿರುತ್ತಾರೆ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ 51ರ ಮಹಿಳೆಯನ್ನು ಕರೆತಂದರು. ಗಂಡನ ಹೆಸರೇನೆಂದು ವೈದ್ಯ ಆಲೋಯ್ಸ್ ಆಲ್‌ಝೈಮರ್ ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಮಿದುಳಿನಲ್ಲಿ ಪ್ರೋಟೀನ್ ಗಡ್ಡೆಗಳನ್ನೂ ಗಂಟುಬಿದ್ದ ನರತಂತುಗಳನ್ನೂ ಆಲ್‌ಝೈಮರ್ ಕಂಡರು. 1910ರಲ್ಲಿ ಮನೋವೈದ್ಯ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಆಲ್‌ಝೈಮರ್ ಹೆಸರಿಟ್ಟರು.

ವಾರ್ಡಿಗೆ ಹೊಸದಾಗಿ ಬಂದ ನರ್ಸಿಂಗ್ ವಿದ್ಯಾರ್ಥಿ ಮೊದಲು ಕಲಿಯಬೇಕಾದದ್ದು ಡಿಮೆನ್ಷಿಯಾ, ಡೆಲಿರಿಯಂ, ಖಿನ್ನತೆ ಎಂಬ ಮೂರು ಸ್ಥಿತಿಗಳನ್ನು ಬೇರ್ಪಡಿಸಿ ನೋಡುವುದನ್ನು. ಡಿಮೆನ್ಷಿಯಾ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ನಿನ್ನೆಯವರೆಗೆ ಸರಿಯಿದ್ದವರು ಇವತ್ತು ಗಲಿಬಿಲಿಗೊಂಡು, ಗಳಿಗೆಗೊಮ್ಮೆ ಬದಲಾಗುತ್ತಿದ್ದರೆ ಅದು ಡೆಲಿರಿಯಂ. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಕುಸಿತ, ಹೊಸ ಮಾತ್ರೆ, ಮಲಬದ್ಧತೆ ಯಾವುದಾದರೂ ಕಾರಣವಾಗಬಹುದು. ಇದು ತುರ್ತು ಸ್ಥಿತಿ, ತಕ್ಷಣ ವೈದ್ಯರಿಗೆ ತಿಳಿಸಬೇಕು. ಖಿನ್ನತೆಯಿರುವವರು ಮರೆವಿನ ಬಗ್ಗೆ ತಾವೇ ದೂರುವುದು ಹೆಚ್ಚು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ತಲೆಗೆ ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತ ಇವಕ್ಕೆಲ್ಲ ಚಿಕಿತ್ಸೆಯಿದೆ. ಇವನ್ನು ನೋಡದೆ ಡಿಮೆನ್ಷಿಯಾ ಎಂದು ಬರೆದುಬಿಡಬಾರದು. 1975ರಿಂದ ಬಳಕೆಯಲ್ಲಿರುವ ನೆನಪು, ಗ್ರಹಿಕೆಗಳನ್ನು ಅಳೆಯುವ 30 ಅಂಕಗಳ ಎಂಎಂಎಸ್‌ಇ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಲು ಹೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಅಲ್ಲಿ ಅಂಕ ಕಳೆದುಕೊಂಡರೆ ಅದನ್ನು ಕಾಯಿಲೆಯ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ಹುಳಿ ಮಾಡುವ ಕ್ರಮವನ್ನೋ ಯುಗಾದಿಯಾದ ಮೇಲೆ ಬರುವ ಹಬ್ಬವನ್ನೋ ಕೇಳಿದರೆ ಆಕೆಯ ನಿಜವಾದ ನೆನಪಿನ ಸ್ಥಿತಿ ಸ್ವಲ್ಪವಾದರೂ ತಿಳಿದೀತು.

ಮಾತು ಕೈಕೊಟ್ಟವರಿಗೆ ನಡವಳಿಕೆಯೇ ಮಾತು. ಸ್ನಾನಕ್ಕೆ ಕರೆದರೆ ಹೊಡೆಯಲು ಬರುವ ಅಜ್ಜನಿಗೆ ಸೊಂಟ ನೋಯುತ್ತಿರಬಹುದು, ನೀರು ತಣ್ಣಗಿರಬಹುದು, ಗುರುತಿಲ್ಲದ ಹೆಂಗಸು ಪಂಚೆಗೆ ಕೈಹಾಕುತ್ತಿರುವುದೇ ದಿಗಿಲಾಗಿರಬಹುದು. ನೋವು ಹೇಳಲಾರದವರಿಗೆ ಪೇನ್ಯಾಡ್ ಅಳತೆಗೋಲಿದೆ: ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಮಾಧಾನಕ್ಕೆ ಒಗ್ಗುವಿಕೆ, ಒಂದೊಂದಕ್ಕೂ 0ಯಿಂದ 2 ಅಂಕ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಚಡಪಡಿಕೆ ಏರುವುದುಂಟು. ಸೀರೆಯ ಸೆರಗನ್ನು ಸುತ್ತಿ ಬಿಚ್ಚಿ ಮಾಡುತ್ತ ಅಜ್ಜಿ ಕೇಳುತ್ತಾರೆ: “ಯಜಮಾನರು ಇನ್ನೂ ಬಂದಿಲ್ವಲ್ಲ?” ಅವರು ತೀರಿಕೊಂಡು ಹತ್ತು ವರ್ಷವಾಯಿತು ಎಂದು ಹೇಳಿದರೆ ಆಕೆ ಆ ಸಾವನ್ನು ಮೊದಲ ಬಾರಿಗೆ ಕೇಳಿದಂತೆ ಕುಸಿಯುತ್ತಾರೆ, ನಾಳೆ ಮತ್ತೆ ಕೇಳುತ್ತಾರೆ, ಮತ್ತೆ ಕುಸಿಯುತ್ತಾರೆ. “ಅವರ ನೆನಪಾಯ್ತಾ ಅಜ್ಜಿ? ಅವರಿಗೆ ಯಾವ ಸಾರು ಇಷ್ಟ?” ಎಂದು ಪಕ್ಕದಲ್ಲಿ ಕುಳಿತು ಕೇಳುವ ಸಿಸ್ಟರ್ ಸುಳ್ಳನ್ನೂ ಹೇಳಲಿಲ್ಲ, ಗಾಯವನ್ನೂ ಕೆದಕಲಿಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1997ರ ಪುಸ್ತಕದಲ್ಲಿ ವಾದಿಸಿದ ವ್ಯಕ್ತಿಕೇಂದ್ರಿತ ಆರೈಕೆಯ ತಿರುಳು ಇದೇ.

ಡೊನೆಪೆಜಿಲ್‌ನಂಥ ಔಷಧಗಳು ಲಕ್ಷಣಗಳನ್ನು ಕೆಲಕಾಲ ತಗ್ಗಿಸುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಗಲಾಟೆ ಅಡಗಿಸಲು ಕೊಡುವ ಆ್ಯಂಟಿಸೈಕೋಟಿಕ್ ಮಾತ್ರೆಗಳಿಂದ ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಸಿಬ್ಬಂದಿ ಸಾಲದು ಎಂಬ ಕಾರಣಕ್ಕೆ ರೋಗಿಯನ್ನು ಕಟ್ಟಿಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸುತ್ತದೆ.

ಮನೆಯವರ ದುಃಖ ಸಾವಿಗೆ ಕಾಯುವುದಿಲ್ಲ. ಎದುರಿಗೆ ಕುಳಿತ ಅಪ್ಪ ಮಗನನ್ನು ಗುರುತಿಸದ ದಿನವೇ ಒಂದು ಅಗಲಿಕೆ. ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಇದನ್ನು ಕೊನೆಯಿಲ್ಲದ, ಅಸ್ಪಷ್ಟ ನಷ್ಟವೆಂದು ಗುರುತಿಸಿದರು. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಅನಂತ್ ನಾಗ್ ಪಾತ್ರ ಕಳೆದುಹೋದಾಗ ಮಗ ಹುಡುಕುವುದು ಇಂಥ ಅಪ್ಪನನ್ನೇ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ವಿವರಿಸಿದ ಮನಃಸ್ಥಿತಿಯ ಐದು ಹಂತಗಳು ಸಾಯುತ್ತಿರುವವರನ್ನು ಕುರಿತವು. ಅವನ್ನು ಉಳಿದವರ ದುಃಖಕ್ಕೆ ವೇಳಾಪಟ್ಟಿಯಂತೆ ಹಚ್ಚಬಾರದು. ವರ್ಷಗಳ ಸೇವೆಯ ನಂತರ ‘ಸದ್ಯ, ಮುಗಿಯಿತು’ ಎನಿಸಿದ್ದಕ್ಕೆ ತಪ್ಪಿತಸ್ಥ ಭಾವದಿಂದ ಒದ್ದಾಡುವ ಸೊಸೆಯಂದಿರಿದ್ದಾರೆ. ಅತ್ತೆ ಹೋಗಿ ಎರಡು ತಿಂಗಳಾದರೂ ಬೆಳಗಿನ ಜಾವ ಎದ್ದು ಬಾಗಿಲ ಚಿಲಕ ಮುಟ್ಟಿ ನೋಡುವವರಿದ್ದಾರೆ. ಇದು ಕಾಯಿಲೆಯಲ್ಲ. ಆರು ತಿಂಗಳು ದಾಟಿದರೂ ತೀವ್ರ ಹಂಬಲ ತಗ್ಗದೆ, ಬದುಕು ನಡೆಸುವುದೇ ಕಷ್ಟವಾದಾಗ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅದನ್ನು ದೀರ್ಘಕಾಲದ ಶೋಕದ ಕಾಯಿಲೆ ಎನ್ನುತ್ತದೆ. ಆಗ ಆಪ್ತ ಸಮಾಲೋಚಕರ ಬಳಿಗೆ ಕಳುಹಿಸಬೇಕು.