ತಲೆ ಕಡೆ ನಿಂತವರು

ಪಿಜಿ ಕೌನ್ಸೆಲಿಂಗ್‌ನಲ್ಲಿ ನನಗೆ ಬೇಕಿದ್ದದ್ದು ಸರ್ಜರಿ. ನನ್ನ ರ‍್ಯಾಂಕಿಗೆ ಸಿಕ್ಕಿದ್ದು ಅನಸ್ತೇಷಿಯಾ. ಮದುವೆಮನೆ ಊಟದ ಸಾಲಲ್ಲಿ ದೊಡ್ಡಮ್ಮ, “ಹಾಗಾದ್ರೆ ನೀನು ಆಪರೇಷನ್ ಮಾಡಲ್ವೇನೇ? ಬರೀ ಮತ್ತು ಬರಿಸೋದಾ?” ಅಂದ್ರು. ಬಾಯಲ್ಲಿದ್ದ ಪಾಯಸ ಸಪ್ಪೆ ಅನ್ನಿಸಿಬಿಟ್ಟಿತು.

ಆವತ್ತು ಯಾರಾದರೂ ನನಗೆ ವರ್ಜೀನಿಯಾ ಅಪ್ಗರ್ ಕಥೆ ಹೇಳಬೇಕಿತ್ತು. ಎಂಬಿಬಿಎಸ್‌ನಲ್ಲಿ ‘ಅಪ್ಗರ್ ಸ್ಕೋರ್’ ಬಾಯಿಪಾಠ ಮಾಡಿದ್ದೆ. ಅದು ಒಬ್ಬ ಅನಸ್ತೇಷಿಯಾ ಡಾಕ್ಟರ ಹೆಸರು ಅಂತ ಮಾತ್ರ ಗೊತ್ತಿರಲಿಲ್ಲ.

1933ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಡಾಕ್ಟರಾದ ಅಪ್ಗರ್‌ಗೆ ಸರ್ಜನ್ ಆಗುವ ಆಸೆ. ಅದು ಮಹಾ ಆರ್ಥಿಕ ಕುಸಿತದ ಕಾಲ. ಹೆಣ್ಣು ಸರ್ಜನ್‌ಗೆ ಹೊಟ್ಟೆಪಾಡು ಕಷ್ಟ, ಅನಸ್ತೇಷಿಯಾ ಕಲಿ ಎಂದರು ಸರ್ಜರಿ ವಿಭಾಗದ ಮುಖ್ಯಸ್ಥ ಅಲೆನ್ ವಿಪಲ್. ಆಗ ಅದು ಹೆಚ್ಚಾಗಿ ನರ್ಸ್‌ಗಳೇ ಮಾಡುತ್ತಿದ್ದ ಕೆಲಸ. ಅಪ್ಗರ್ ಹೋಗಿ ಕಲಿತರು. 1938ರಲ್ಲಿ ಕೊಲಂಬಿಯಾಗೆ ಮರಳಿ ಅನಸ್ತೇಷಿಯಾ ವಿಭಾಗ ಕಟ್ಟಿದರು. 1949ರಲ್ಲಿ ಆ ವೈದ್ಯಕೀಯ ಕಾಲೇಜಿನ ಮೊದಲ ಮಹಿಳಾ ಪೂರ್ಣ ಪ್ರೊಫೆಸರ್ ಆದರು. ಮುಖ್ಯಸ್ಥರ ಕುರ್ಚಿ ಮಾತ್ರ ಒಬ್ಬ ಗಂಡಸಿನ ಪಾಲಾಯಿತು.

ಎರಡನೇ ಬಾಗಿಲೂ ಮುಚ್ಚಿತಲ್ಲ, ಅಪ್ಗರ್ ಹೆರಿಗೆ ಕೋಣೆಗೆ ನಡೆದರು.

ಅನಸ್ತೇಷಿಯಾದವರು ನಿಲ್ಲೋದು ತಾಯಿಯ ತಲೆಯ ಕಡೆ. ಹೆರಿಗೆ ಡಾಕ್ಟರ ಗಮನವೆಲ್ಲ ತಾಯಿಯ ಮೇಲೆ. ಹುಟ್ಟಿದ ಕೂಸನ್ನು ಮೊದಲ ನಿಮಿಷದಲ್ಲೇ ಒಂದು ಕ್ರಮದಿಂದ ನೋಡುವ ಪದ್ಧತಿ ಇರಲಿಲ್ಲ. ಹೇಗೆ ನೋಡಬೇಕು ಅಂತ ವಿದ್ಯಾರ್ಥಿಯೊಬ್ಬ ಕ್ಯಾಂಟೀನಿನಲ್ಲಿ ಕೇಳಿದಾಗ, ಅಪ್ಗರ್ ಕೈಗೆ ಸಿಕ್ಕ ಕಾಗದದ ಮೇಲೆ ಐದು ಅಂಶ ಗೀಚಿದರಂತೆ: ಎದೆಬಡಿತ, ಉಸಿರು, ಸ್ನಾಯುಗಳ ಬಿಗಿ, ಮುಟ್ಟಿದರೆ ಪ್ರತಿಕ್ರಿಯೆ, ಮೈಬಣ್ಣ. ಒಂದೊಂದಕ್ಕೂ 0, 1 ಅಥವಾ 2 ಅಂಕ. ಒಟ್ಟು ಹತ್ತು. 1953ರಲ್ಲಿ ಅದು ಅಚ್ಚಾಯಿತು. ಯಂತ್ರ ಬೇಡ, ಖರ್ಚಿಲ್ಲ, ಯಾವ ಊರಲ್ಲಾದರೂ ಆಗುತ್ತೆ.

ಆ ಅಂಕಗಳು ಅವರ ಸ್ವಂತ ಕೆಲಸವನ್ನೂ ತೂಗಿದವು. ಸೈಕ್ಲೋಪ್ರೊಪೇನ್ ಅಪ್ಗರ್‌ಗೆ ಇಷ್ಟದ ಅನಿಲ. ತಾಯಿಗೆ ಅದನ್ನು ಕೊಟ್ಟರೆ ಮಗು ಮಂಕಾಗಿ ಹುಟ್ಟುತ್ತದೆ ಅಂತ ಗೊತ್ತಾದ ಮೇಲೆ ಹೆರಿಗೆಯಲ್ಲಿ ಅದನ್ನು ಬಿಟ್ಟುಬಿಟ್ಟರು. 1959ರಲ್ಲಿ, ಐವತ್ತರ ವಯಸ್ಸಲ್ಲಿ, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯದ ಪದವಿ ಪಡೆದು, ಹುಟ್ಟಿನಿಂದಲೇ ಬರುವ ದೋಷಗಳ ಕೆಲಸಕ್ಕೆ ಇಳಿದರು. ನಾವು ಮೂವತ್ತಕ್ಕೇ ‘ಇನ್ನು ಫೀಲ್ಡ್ ಬದಲಾಯಿಸೋಕೆ ಲೇಟಾಯ್ತು’ ಅಂತೀವಿ!

ಮೊನ್ನೆ ರಾತ್ರಿ ಒಂದು ಸಿಸೇರಿಯನ್. ಮಗು ಹುಟ್ಟಿತು, ಅಳಲಿಲ್ಲ. ಮಕ್ಕಳ ಡಾಕ್ಟರು ಬ್ಯಾಗ್ ಒತ್ತಿ ಉಸಿರು ಕೊಡುತ್ತಿದ್ದರು. ಅಡ್ಡ ಕಟ್ಟಿದ ಹಸಿರು ಬಟ್ಟೆಯ ಈಚೆ ಮಲಗಿದ್ದ ತಾಯಿ ನನ್ನ ಕೈ ಹಿಡಿದು, “ಯಾಕ್ ಮೇಡಂ, ಸದ್ದೇ ಇಲ್ಲ?” ಅಂದಳು. “ನೋಡ್ತಿದ್ದಾರಮ್ಮ, ನಾನು ಇಲ್ಲೇ ಇದೀನಿ” ಅಂದೆ. ಅವಳ ಮುಖ, ಅವಳ ಬಿಪಿ, ಆ ಕೂಸು, ಮೂರೂ ಒಟ್ಟಿಗೆ ಕಾಣುತ್ತಿದ್ದದ್ದು ನಾನು ನಿಂತ ಜಾಗದಿಂದ ಮಾತ್ರ.

ಮೊದಲ ನಿಮಿಷಕ್ಕೆ 4. ಐದನೇ ನಿಮಿಷಕ್ಕೆ 9, ಕಿವಿ ತೂತಾಗೋ ಹಾಗೆ ಅಳು.

ದೊಡ್ಡಮ್ಮನಿಗೆ ಉತ್ತರ ಮುಂದಿನ ಮದುವೆಯಲ್ಲಿ ಕೊಡ್ತೀನಿ. ಪಾಯಸವನ್ನೂ ಎರಡು ಸಲ ಹಾಕಿಸ್ಕೋತೀನಿ.