ಹಳೆಯ ಡೆಸ್ಕ್‌ಟಾಪ್ ಗಣಕಯಂತ್ರ ಅತಿಯಾಗಿ ಬಿಸಿಯಾಗುವುದು: ಕಾರಣ, ಪರಿಹಾರ ಹಾಗೂ ಉನ್ನತೀಕರಣ

ಪೀಠಿಕೆ

ಮನೆ, ಶಾಲೆ ಹಾಗೂ ಸಣ್ಣ ಕಚೇರಿಗಳಲ್ಲಿ ಹತ್ತು ವರ್ಷಕ್ಕೂ ಹಳೆಯದಾದ ಡೆಸ್ಕ್‌ಟಾಪ್ ಗಣಕಯಂತ್ರಗಳು ಇಂದಿಗೂ ಬಳಕೆಯಲ್ಲಿವೆ. ಬೇಸಿಗೆಯಲ್ಲಿ ಇವು ಕೆಲಸದ ನಡುವೆ ತಾವಾಗಿಯೇ ಸ್ಥಗಿತಗೊಂಡಾಗ, ಯಂತ್ರದ ಆಯುಷ್ಯ ಮುಗಿಯಿತೆಂದು ಭಾವಿಸಿ ಹೊಸದನ್ನು ಖರೀದಿಸುವುದುಂಟು. ಆದರೆ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಒಳಗೆ ಸಂಗ್ರಹವಾದ ಧೂಳಿನಲ್ಲಿ ಮತ್ತು ಒಣಗಿದ ಥರ್ಮಲ್ ಪೇಸ್ಟ್‌ನಲ್ಲಿ. ಆದುದರಿಂದ ಮೊದಲು ಅಳತೆ ಮತ್ತು ಸ್ವಚ್ಛತೆ, ಅನಂತರವೇ ಖರೀದಿಯ ವಿಚಾರ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ.

ಬಿಸಿಯಾಗಲು ಕಾರಣಗಳು

ಪ್ರೊಸೆಸರ್‌ನಲ್ಲಿ ಉಂಟಾಗುವ ಶಾಖವು ಥರ್ಮಲ್ ಪೇಸ್ಟ್‌ನ ಮೂಲಕ ಹೀಟ್ ಸಿಂಕ್‌ಗೆ ಸಾಗುತ್ತದೆ. ಫ್ಯಾನ್ ಅದನ್ನು ಗಾಳಿಯೊಡನೆ ಹೊರಹಾಕುತ್ತದೆ. ಈ ಸರಪಳಿಯ ಯಾವುದೇ ಕೊಂಡಿ ಸಡಿಲವಾದರೂ ಉಷ್ಣಾಂಶ ಏರುತ್ತದೆ. ಕೊಠಡಿಯ ಉಷ್ಣಾಂಶವೂ ಮುಖ್ಯ. 25 ಡಿಗ್ರಿ ಸೆಲ್ಸಿಯಸ್ ಇರುವ ಕೊಠಡಿಯಲ್ಲಿ 70 ಡಿಗ್ರಿ ತೋರಿಸುವ ಪ್ರೊಸೆಸರ್, ಅದೇ ಕೆಲಸಕ್ಕೆ 40 ಡಿಗ್ರಿಯ ಕೊಠಡಿಯಲ್ಲಿ ಸುಮಾರು 85 ಡಿಗ್ರಿ ತಲುಪುತ್ತದೆ. ರಾಯಚೂರು, ಕಲಬುರಗಿ ಮುಂತಾದ ಜಿಲ್ಲೆಗಳಲ್ಲಿ ಚಳಿಗಾಲದಲ್ಲಿ ಕಾಣದ ದೋಷವು ಏಪ್ರಿಲ್, ಮೇ ತಿಂಗಳುಗಳಲ್ಲಿ ಪ್ರಕಟವಾಗಲು ಇದೇ ಕಾರಣ.

ಪರಿಶೀಲನೆಯ ಕ್ರಮ

1. ಮೊದಲು ಮುಖ್ಯ ಕಡತಗಳು, ಛಾಯಾಚಿತ್ರಗಳು ಹಾಗೂ ಲೆಕ್ಕಪತ್ರಗಳ ಪ್ರತಿಯನ್ನು ಪೆನ್ ಡ್ರೈವ್ ಅಥವಾ ಬೇರೊಂದು ಡಿಸ್ಕ್‌ಗೆ ತೆಗೆದಿಟ್ಟುಕೊಳ್ಳಬೇಕು. ಯಂತ್ರವನ್ನು ಮತ್ತೆ ಕೊಳ್ಳಬಹುದು. ಕಳೆದುಹೋದ ಕಡತಗಳನ್ನು ಕೊಳ್ಳಲಾಗದು.

2. ಬಯೋಸ್‌ನ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ಅಥವಾ ಉಷ್ಣಾಂಶ ತೋರಿಸುವ ಉಚಿತ ತಂತ್ರಾಂಶದಲ್ಲಿ ಪ್ರೊಸೆಸರ್‌ನ ಉಷ್ಣಾಂಶವನ್ನು ಗಮನಿಸಬೇಕು. ಕೆಲಸದ ವೇಳೆ ಸತತವಾಗಿ 85 ಡಿಗ್ರಿ ಮೀರುತ್ತಿದ್ದಲ್ಲಿ ಸ್ವಚ್ಛತೆ ಅಗತ್ಯ. ಅನೇಕ ಪ್ರೊಸೆಸರ್‌ಗಳು 100 ಡಿಗ್ರಿಯ ಆಸುಪಾಸಿನಲ್ಲಿ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಬಿಸಿ ಮತ್ತೂ ಏರಿದರೆ ಯಂತ್ರ ಸ್ಥಗಿತಗೊಳ್ಳುತ್ತದೆ.

3. ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು ಅದೇ ಕೆಲಸವನ್ನು ನಡೆಸಿ ನೋಡಬೇಕು. ಉಷ್ಣಾಂಶ ಗಣನೀಯವಾಗಿ ಇಳಿದರೆ ಕ್ಯಾಬಿನೆಟ್‌ನ ಗಾಳಿಸಂಚಾರದಲ್ಲಿ ಅಡಚಣೆಯಿದೆ. ಇಳಿಯದಿದ್ದರೆ ಹೀಟ್ ಸಿಂಕ್, ಅದರ ಫ್ಯಾನ್ ಅಥವಾ ಥರ್ಮಲ್ ಪೇಸ್ಟ್‌ನಲ್ಲಿ ದೋಷವಿರುವ ಸಾಧ್ಯತೆ ಹೆಚ್ಚು.

4. ಉಷ್ಣಾಂಶ 60 ಡಿಗ್ರಿಯಷ್ಟಿದ್ದರೂ ಯಂತ್ರ ಸ್ಥಗಿತಗೊಳ್ಳುತ್ತಿದ್ದಲ್ಲಿ ಪ್ರೊಸೆಸರ್‌ನ ಬಿಸಿ ಕಾರಣವಾಗಿರಲಾರದು. ಎಸ್‌ಎಂಪಿಎಸ್, ರ‍್ಯಾಮ್ ಹಾಗೂ ಮದರ್‌ಬೋರ್ಡ್‌ನ ಮೇಲೆ ಉಬ್ಬಿರುವ ಕೆಪಾಸಿಟರ್‌ಗಳನ್ನು ಪರಿಶೀಲಿಸಬೇಕು.

ಸ್ವಚ್ಛಗೊಳಿಸುವ ವಿಧಾನ

ವಿದ್ಯುತ್ ತಂತಿಯನ್ನು ಪ್ಲಗ್‌ನಿಂದ ತೆಗೆದ ನಂತರವೇ ಕೆಲಸ ಆರಂಭಿಸತಕ್ಕದ್ದು. ಮೃದುವಾದ ಬ್ರಶ್ ಮತ್ತು ಗಾಳಿ ಊದುವ ಸಾಧನದಿಂದ ಧೂಳನ್ನು ತೆಗೆಯಬೇಕು. ಆಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಒದ್ದೆ ಬಟ್ಟೆಯನ್ನು ಬಳಸಕೂಡದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಕೂಡದು. ಪ್ಲಗ್ ತೆಗೆದ ನಂತರವೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಹಳೆಯ ಪೇಸ್ಟ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಂದೆರಡು ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಹಚ್ಚಿದರೆ ಸಾಕು. ಇಂಟೆಲ್‌ನ ಸಾಮಾನ್ಯ ಹೀಟ್ ಸಿಂಕ್‌ಗೆ ನಾಲ್ಕು ಪಿನ್‌ಗಳಿರುತ್ತವೆ. ಇವುಗಳಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಹೊಸ ಪೇಸ್ಟ್‌ನಿಂದ ಪ್ರಯೋಜನವಾಗದು. ಅನುಭವವಿಲ್ಲದವರು ಈ ಕೆಲಸವನ್ನು ತಂತ್ರಜ್ಞರಿಗೆ ವಹಿಸುವುದು ಒಳಿತು.

ಉನ್ನತೀಕರಣದ ನಿರ್ಧಾರ

ಸ್ವಚ್ಛತೆಯ ನಂತರ ಉಷ್ಣಾಂಶ ಹತೋಟಿಗೆ ಬಂದಲ್ಲಿ ಈ ಕೆಳಕಂಡ ಅಂಶಗಳನ್ನು ಪರಿಗಣಿಸಬಹುದು.

- ಯಂತ್ರ ಬಿಸಿಯಾಗದೆ ಕೇವಲ ನಿಧಾನವಾಗಿದ್ದರೆ, ಹಾರ್ಡ್ ಡಿಸ್ಕ್‌ನ ಬದಲು ಎಸ್‌ಎಸ್‌ಡಿ ಅಳವಡಿಸುವುದು ಮತ್ತು ರ‍್ಯಾಮ್ ಹೆಚ್ಚಿಸುವುದು ಕಡಿಮೆ ವೆಚ್ಚದ ಪರಿಹಾರ. ಆದರೆ ಇವು ಪ್ರೊಸೆಸರ್‌ನ ಬಿಸಿಯನ್ನು ತಗ್ಗಿಸುವುದಿಲ್ಲ.
- 2004ರ ಆಸುಪಾಸಿನ ಕೆಲವು ಪೆಂಟಿಯಂ 4 ಪ್ರೊಸೆಸರ್‌ಗಳ ಉಷ್ಣ ವಿನ್ಯಾಸ ಪ್ರಮಾಣ 115 ವ್ಯಾಟ್ ಇತ್ತು. 2006ರಲ್ಲಿ ಬಂದ ಕೋರ್ 2 ಡ್ಯುಯೊ ಶ್ರೇಣಿಯಲ್ಲಿ ಅದು 65 ವ್ಯಾಟ್‌ಗೆ ಇಳಿಯಿತು. ಪೆಂಟಿಯಂ 4 ಯಂತ್ರಗಳಿಗೆ ಇನ್ನು ಹಣ ವ್ಯಯಿಸುವುದು ಸೂಕ್ತವಲ್ಲ.
- ವಿಂಡೋಸ್ 10ರ ಸಾಮಾನ್ಯ ಬೆಂಬಲವು 14-10-2025ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0, ಕನಿಷ್ಠ 4 ಜಿಬಿ ರ‍್ಯಾಮ್ ಹಾಗೂ ಮಾನ್ಯತೆ ಪಡೆದ ಪ್ರೊಸೆಸರ್ ಬೇಕು. ಹತ್ತು ವರ್ಷ ಹಳೆಯ ಯಂತ್ರಗಳು ಸಾಮಾನ್ಯವಾಗಿ ಇದಕ್ಕೆ ಅರ್ಹವಾಗುವುದಿಲ್ಲ. ಬರವಣಿಗೆ ಮತ್ತು ಅಂತರ್ಜಾಲ ಬಳಕೆಗೆ ಸೀಮಿತವಾದಲ್ಲಿ, ಉಚಿತವಾಗಿ ದೊರೆಯುವ ಲಿನಕ್ಸ್ ಅಳವಡಿಸಿ ಯಂತ್ರವನ್ನು ಮುಂದುವರಿಸಬಹುದು.
- ಮದರ್‌ಬೋರ್ಡ್‌ನ ಕೆಪಾಸಿಟರ್‌ಗಳು ಉಬ್ಬಿದ್ದರೆ, ಅಥವಾ ದುರಸ್ತಿಯ ವೆಚ್ಚ ಬೇರೊಂದು ಯಂತ್ರದ ಬೆಲೆಯ ಅರ್ಧವನ್ನು ಮೀರಿದರೆ, ಬದಲಾವಣೆಯೇ ಲೇಸು.

ವಿಲೇವಾರಿ

ನಿರುಪಯುಕ್ತ ಯಂತ್ರವನ್ನು ಕಸದೊಡನೆ ಎಸೆಯುವುದಾಗಲಿ, ಸುಡುವುದಾಗಲಿ ಕೂಡದು. 1-4-2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಅನ್ವಯ ನೋಂದಾಯಿತ ಮರುಬಳಕೆದಾರರ ಮೂಲಕ ವಿಲೇವಾರಿ ಆಗುವಂತೆ ಒಪ್ಪಿಸಬೇಕು. ಒಪ್ಪಿಸುವ ಮುನ್ನ ಡಿಸ್ಕ್‌ನಲ್ಲಿರುವ ವೈಯಕ್ತಿಕ ಮಾಹಿತಿಯನ್ನು ಸಂಪೂರ್ಣವಾಗಿ ಅಳಿಸತಕ್ಕದ್ದು.